ಎರಡು ಗಂಟೆ ಮತ್ತು ಒಂದು ಕೆಂಪು ಬಲೂನು

ಮಾನ್ಯ ತರಬೇತುದಾರರೇ,

ಭಾನುವಾರದ ಸೇವಾಕರ್ತರ ಶಿಬಿರದಲ್ಲಿ ಊದೋದಕ್ಕೆ ಅಂತ ನೀವು ಕೊಟ್ಟ ಕೆಂಪು ಬಲೂನು ಇನ್ನೂ ನಮ್ಮನೆ ಫ್ರಿಜ್ ಮೇಲೆ ಕೂತಿದೆ. ಗಾಳಿ ಅರ್ಧ ಇಳಿದಿದೆ. ‘ಒತ್ತಡ ನಿರ್ವಹಣೆ’ ಕಲಿಸಲು ನಲವತ್ತು ಜನರ ಕೈಲಿ ಬಲೂನು ಊದಿಸಿ ಒಡೆಸಿದಿರಲ್ಲ, ಅದರಲ್ಲಿ ಒಡೆಯದೆ ಉಳಿದದ್ದು ಇದೊಂದೇ. ನನ್ನ ವಯಸ್ಸು 63. ಹಠ ಅಂತಲೇ ಇಟ್ಟುಕೊಳ್ಳಿ.

ನಾನು ತೀರ್ಥಹಳ್ಳಿ ಕಡೆಯವನು. ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಲೇತ್ ತಿರುಗಿಸಿ ನಿವೃತ್ತನಾದೆ. ಈಗ ಒಂದು ಧಾರ್ಮಿಕ ಸಂಸ್ಥೆಯ ಸೇವಾಕರ್ತ. ಸಂಸ್ಥೆಯ ಹೆಸರು ಹೇಳುವುದಿಲ್ಲ, ಪಾಪ, ದೇವರ ಮರ್ಯಾದೆ ಪ್ರಶ್ನೆ. ದಿನಾ ಮಧ್ಯಾಹ್ನ ಆಸ್ಪತ್ರೆಯೊಂದರ ಗೇಟಿನಾಚೆ ರೋಗಿಗಳ ಕಡೆಯವರಿಗೆ ದಾಲ್, ಅನ್ನ ಬಡಿಸುತ್ತೇವೆ.

‘ಆಜೀವ ಕಲಿಕೆ, ನಿರಂತರ ಸೇವೆ: ಬೆಳಿಗ್ಗೆ 9ಕ್ಕೆ ಸರಿಯಾಗಿ’ ಎಂದು ನಿಮ್ಮ ವಾಟ್ಸ್ಆ್ಯಪ್ ಬಂತು. ನೀಲಂ ಚೌಕದಿಂದ ಶೇರ್ ಆಟೋದಲ್ಲಿ, ಜೂನಿನ ಬಿಸಿಲಲ್ಲಿ, ಅರ್ಧ ತೊಡೆ ಹೊರಗೆ ಚಾಚಿಕೊಂಡು 8:50ಕ್ಕೆ ಬಂದೆ. ಮುಖ್ಯ ಅತಿಥಿಗಳು 11ಕ್ಕೆ ಬಂದರು. ಎರಡು ಗಂಟೆ! ಬಂದವರು ದೀಪ ಹಚ್ಚಲು ಹೋದರೆ ಫ್ಯಾನಿನ ಗಾಳಿಗೆ ದೀಪ ಆರಿತು. ದೀಪ ಉಳಿಯಲಿ ಅಂತ ಫ್ಯಾನು ಆರಿಸಿದಿರಿ. ಆಮೇಲೆ ಅದನ್ನು ಹಾಕುವುದು ಮರೆತಿರಿ. ತೆರೆಯ ಮೇಲೆ ನಾಯಕತ್ವದ ಬಗ್ಗೆ ಒಂದು ಹಿಮಗಡ್ಡೆಯ ಚಿತ್ರ ಬಂತು. ಆ ಸೆಕೆಯಲ್ಲಿ ಹಿಮಗಡ್ಡೆ ತೋರಿಸಿದ್ದಕ್ಕೆ ಮಾತ್ರ ನಾನು ನಿಮಗೆ ಋಣಿ.

ಆಗ ಕೈ ಎತ್ತಿದೆ. ‘ಸರ್, ಈ ಬೇಗೆಯಲ್ಲಿ ಬೇಯಿಸಿದ ದಾಲ್ ಬಕೆಟ್ಟಿನಲ್ಲಿ ಎಷ್ಟು ಹೊತ್ತು ಇಟ್ಟು ಬಡಿಸಬಹುದು?’ ನೀವು ನಕ್ಕಿರಿ. ‘ಬಹಳ ಒಳ್ಳೆಯ ಪ್ರಶ್ನೆ. ಕೊನೆಗೆ ತಗೊಳ್ಳೋಣ.’

ಲಕ್ವಾ ಹೊಡೆದವರನ್ನು ಗಾಲಿಕುರ್ಚಿಯಿಂದ ಆಟೋಗೆ ಎತ್ತುವಾಗ ಎಲ್ಲಿ ಹಿಡಿಯಬೇಕು ಅಂತ ಇನ್ನೊಬ್ಬರು ಕೇಳಿದರು. ಕೊನೆಗೆ. ಒಬ್ಬಳು ಹುಡುಗಿ, ಇಪ್ಪತ್ತೆರಡು ಇರಬಹುದು, ಎದ್ದು ನಿಂತಳು. ‘ವಾರ್ಡಿನ ಹೊರಗೆ ಕೂತ ಹೆಂಗಸು, ನನಗೂ ಬದುಕೋದು ಬೇಡ ಅಂದರೆ ನಾನು ಏನನ್ನಬೇಕು?’ ಅದೂ ಕೊನೆಗೆ. ಟೆಲಿ ಮಾನಸ್ ಸಹಾಯವಾಣಿಯ 14416 ಅನ್ನು ಆಕೆಯ ಅಂಗೈ ಮೇಲೆ ನಾನೇ ಪೆನ್ನಿನಲ್ಲಿ ಬರೆದುಕೊಟ್ಟೆ. 2022ರ ಅಕ್ಟೋಬರಿನಿಂದ ಇದೆ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಉಸ್ತುವಾರಿ ಅಂತ ಹೇಳುವಾಗ ಸ್ವಲ್ಪ ಜಂಬವನ್ನೂ ಪಟ್ಟೆ. ನಿಮ್ಮ ಹಿಮಗಡ್ಡೆಯಲ್ಲಿ ಆ ಐದು ಅಂಕಿಗಳಿಗೆ ಜಾಗವಿರಲಿಲ್ಲ.

ಆ ‘ಕೊನೆ’ ಬರಲೇ ಇಲ್ಲ. ವಂದನಾರ್ಪಣೆ ಬಂತು.

‘ಆಜೀವ ಕಲಿಕೆ’ ಅಂತ ಬ್ಯಾನರಿನಲ್ಲಿ ಬರೆಸಿದಿರಲ್ಲ, ನಮ್ಮ ಕಡೆ ಆ ಮಾತಿಗೆ ಕಿಟೆಲ್ ಅನ್ನುತ್ತೇವೆ. ಬಾಸೆಲ್ ಮಿಶನ್ನಿನ ಪಾದ್ರಿ. ಧರ್ಮ ಹೇಳಲು 1853ರಲ್ಲಿ ಬಂದವನು, ಯಾರಿಗೆ ಹೇಳಬೇಕೋ ಅವರ ಭಾಷೆ ಮೊದಲು ಕಲಿಯೋಣ ಅಂತ ಕೂತ. ಅವನ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅಷ್ಟೂ ವರ್ಷ ಅವನಿಗೆ ಯಾರೂ ಬಲೂನು ಕೊಟ್ಟ ದಾಖಲೆ ಇಲ್ಲ.

ಅಷ್ಟು ದೂರ ಯಾಕೆ? ನೀವು ನಿಂತು ಮಾತಾಡಿದ ಊರಿನ ಕಥೆಯೇ ಇದೆ. ಫರೀದಾಬಾದಿನ ಈ ಎನ್‌ಐಟಿ ಪ್ರದೇಶ, ದೇಶ ಒಡೆದಾಗ ಪೇಶಾವರ, ಬನ್ನೂ, ಡೇರಾ ಇಸ್ಮಾಯಿಲ್ ಖಾನ್ ಕಡೆಯಿಂದ ಉಟ್ಟ ಬಟ್ಟೆಯಲ್ಲಿ ಬಂದವರು ತಮ್ಮ ಕೈಯಿಂದಲೇ ಕಟ್ಟಿಕೊಂಡ ಊರು. ಅವರ ಬೆನ್ನಿಗೆ ನಿಂತವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು, ಅವರ ಇಂಡಿಯನ್ ಕೋಆಪರೇಟಿವ್ ಯೂನಿಯನ್ನೂ ಇತ್ತು. ತಕ್ಕಡಿ ಹಿಡಿದಿದ್ದವರು ಇಟ್ಟಿಗೆ ಹೊರಲು, ಗೋಡೆ ಎಬ್ಬಿಸಲು ಕಲಿತರು. ಗೋಡೆ ವಾಲಿದರೆ ಅದರೊಳಗೆ ಮಲಗಬೇಕಾದವರು ತಾವೇ ಅಂತ ಗೊತ್ತಿದ್ದವರ ಕಲಿಕೆ ಅದು.

ಬಂದವರಲ್ಲಿ ಖುದಾಯಿ ಖಿದ್ಮತ್‌ಗಾರರೂ ಇದ್ದರು. ದೇವರ ಸೇವಕರು ಅಂತ ಅರ್ಥ. ಗಡಿನಾಡಿನಲ್ಲಿ ಬಾದಶಾ ಖಾನ್ 1929ರಲ್ಲಿ ಕಟ್ಟಿದ ದಂಡು. ದೇವರಿಗೆ ನಮ್ಮ ಸೇವೆ ಏನೂ ಬೇಕಿಲ್ಲ, ಆದ್ದರಿಂದ ಅವನು ಹುಟ್ಟಿಸಿದವರ ಸೇವೆ ಮಾಡಿ ಅನ್ನುವುದು ಅವರ ಲೆಕ್ಕಾಚಾರ. ಸೇರುವಾಗ ಮಾಡುವ ಪ್ರತಿಜ್ಞೆಯಲ್ಲಿ ದಿನಕ್ಕೆ ಕನಿಷ್ಠ ಎರಡು ಗಂಟೆ ಸಮಾಜದ ಕೆಲಸ ಅಂತಿತ್ತು. ನೋಡಿ, ಅವರದ್ದೂ ಎರಡು ಗಂಟೆ, ನಿಮ್ಮ ಅತಿಥಿಗಳದ್ದೂ ಎರಡು ಗಂಟೆ! ಇಲ್ಲಿನ ನಿರಾಶ್ರಿತರು ತಮ್ಮ ಆಸ್ಪತ್ರೆಗೆ ಬಾದಶಾ ಖಾನರ ಹೆಸರಿಟ್ಟರು. 2020ರಲ್ಲಿ ಸರ್ಕಾರ ಅದನ್ನು ತೆಗೆದು ವಾಜಪೇಯಿಯವರ ಹೆಸರಿಟ್ಟಿತು. ಆಟೋದವರು ಮಾತ್ರ ಈಗಲೂ ‘ಬಿ.ಕೆ., ಬಿ.ಕೆ.’ ಅಂತಲೇ ಕೂಗುತ್ತಾರೆ.

ಇನ್ನು ದಾಲ್ ವಿಷಯ. ನಾನು ಅದನ್ನು ಬಿಡುವವನಲ್ಲ.

ಒಂದು ಗಂಟೆಗೆ ಊಟ ಅಂದಿರಿ, ಮೂರಾಯಿತು. ನಮ್ಮ ದಾಲ್ ಬೆಳಿಗ್ಗೆ ಹತ್ತರಿಂದ ವರಾಂಡದಲ್ಲಿ ಮುಚ್ಚಳ ಹಾಕಿಕೊಂಡು ಭಾಷಣ ಕೇಳುತ್ತಿತ್ತು. ಕೊನೆಯ ಸಾಲಿನಲ್ಲಿ ನಮ್ಮ ಅಡುಗೆಯಾಕೆ ಕೂತಿದ್ದಳು. ಹದಿನೇಳು ವರ್ಷದಿಂದ ದಿನಾ ಇನ್ನೂರು ಜನಕ್ಕೆ ಬೇಯಿಸುವವಳು, ಓದು ಬಾರದವಳು. ಆಕೆಗೆ ನೀವು ‘ಪರಿಣಾಮಕಾರಿ ಸಂವಹನ’ ಕಲಿಸಿದಿರಿ. ಆಕೆ ಎದ್ದು ಹೋಗಿ ಮುಚ್ಚಳ ತೆಗೆದು, ಸೌಟು ಮೂಗಿನ ಹತ್ತಿರ ತಂದು, ‘ಹಳಸಿದೆ, ಯಾರೂ ಮುಟ್ಟಬೇಡಿ’ ಅಂದು ಪಾತ್ರೆಯನ್ನು ಇಡಿಯಾಗಿ ಮೋರಿಗೆ ಬಗ್ಗಿಸಿದಳು. ಅವತ್ತಿನ ಇಡೀ ಶಿಬಿರದಲ್ಲಿ ಪರಿಣಾಮಕಾರಿ ಸಂವಹನ ಆದದ್ದು ಅದೊಂದೇ. ನೀವು ಒಳಗೆ ಪ್ರಮಾಣಪತ್ರ ಹಂಚುತ್ತಿದ್ದಿರಿ. ಆಕೆಗೆ ಸಿಗಲಿಲ್ಲ. ಅಭಿಪ್ರಾಯದ ಫಾರಂ ತುಂಬಿರಲಿಲ್ಲವಂತೆ.

ಇಲ್ಲಿಗೆ ತಮಾಷೆ ಸಾಕು. ಆ ದಾಲ್ ನಿಮ್ಮ ವರಾಂಡದಲ್ಲಿ ಹಳಸಿತು, ನಮಗೆ ಊಟ ತಪ್ಪಿತು, ಅಷ್ಟೇ. ಆಸ್ಪತ್ರೆಯ ಗೇಟಿನಲ್ಲಿ ಹಳಸಿ, ಆಕೆ ಅವತ್ತು ರಜೆಯಲ್ಲಿದ್ದು, ನಾನು ಭಕ್ತಿಯಿಂದ ಬಡಿಸಿಬಿಟ್ಟಿದ್ದರೆ? ಮಗನ ಆಪರೇಷನ್ನಿಗೆ ಬಂದ ಹೆಂಗಸು ವಾಂತಿ ಮಾಡಿಕೊಂಡು ಪಕ್ಕದ ಮಂಚ ಸೇರಿದ್ದರೆ? ಬಡಿಸುವವನ ಭಕ್ತಿಗೆ ದಾಲ್ ಹೆದರುತ್ತದೆಯೇ? ಇದನ್ನು ಕೇಳಿದರೆ ನಿಮಗೆ ನಗು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಉತ್ತರ ಮೊಮ್ಮಗಳ ಫೋನಿನಲ್ಲಿ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ಬೇಯಿಸಿದ್ದನ್ನು ಬಡಿಸುವ ತನಕ 60 ಡಿಗ್ರಿಗಿಂತ ಬಿಸಿಯಾಗಿಡಿ. ಆಗದಿದ್ದರೆ ಹೊರಗಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ. ನೋಡಿ, ಮತ್ತೆ ಎರಡು ಗಂಟೆ! ಮುಖ್ಯ ಅತಿಥಿಗಳನ್ನೂ ಅದಕ್ಕಿಂತ ಹೆಚ್ಚು ಇಡಬಾರದು ಅನ್ನುವುದು ನನ್ನ ಸೇರ್ಪಡೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಪೂಜಾಸ್ಥಳಗಳ ಅಡುಗೆಯವರ ತರಬೇತಿಗೆ ‘ಭೋಗ್’ ಅಂತ ಒಂದು ಯೋಜನೆ ಇಟ್ಟಿದೆ. ಅಂದರೆ ಇದನ್ನು ಕಲಿಸುವವರು ಇದ್ದಾರೆ. ನೀವು ಕರೆಯಲಿಲ್ಲ.

ಮುಂದಿನ ಶಿಬಿರಕ್ಕೂ ಬರುತ್ತೇನೆ, ಸೇವೆಗೆ ಅಂತ ಇಳಿದ ಮೇಲೆ ಬರಲೇಬೇಕಲ್ಲ. ನನ್ನ ಕೋರಿಕೆ ಒಂದೇ. ಆ ಬ್ಯಾನರಿನ ದುಡ್ಡಿನಲ್ಲಿ ನಮ್ಮ ಅಡುಗೆಮನೆಗೆ ಪಾತ್ರೆಗೆ ಅದ್ದಿ ನೋಡುವ ಥರ್ಮಾಮೀಟರ್ ಒಂದು ಕೊಡಿಸಿ, 60ರ ಹತ್ತಿರ ಕೆಂಪು ಗೆರೆ ಎಳೆದದ್ದು. ಅಂಕಿ ಓದಲು ಬಾರದವರಿಗೂ ಗೆರೆ ಕಾಣುತ್ತದೆ.

ಇಂತಿ,
ಬಲೂನು ಒಡೆಯದ ಸೇವಾಕರ್ತ
ಎನ್‌ಐಟಿ, ಫರೀದಾಬಾದ್