ವಾರಂಟ್ಯುತ್ತರ ಕಾಂಡ

ಮೊದಲಿಗೆ ಶಬ್ದವ್ಯುತ್ಪತ್ತಿ. ‘ವಾರಂಟಿ’ಯ ಮುಂದೆ ‘ಉತ್ತರ’ ಬಂದಾಗ ಯಣ್ ಸಂಧಿಯಾಗಿ ‘ವಾರಂಟ್ಯುತ್ತರ’ ಎಂದಾಗುತ್ತದೆ. ಇಂಗ್ಲಿಷ್ ಪದಕ್ಕೆ ಸಂಸ್ಕೃತ ಪದ ಅಂಟಿಸಿದರೆ ಅದು ಅರಿಸಮಾಸವಲ್ಲವೇ ಎಂದು ಪಂಡಿತರು ಹುಬ್ಬೇರಿಸಬಹುದು. ಅರಿ ಎಂದರೆ ಶತ್ರು. ರಿಪೇರಿಯ ಬಿಲ್ಲು ಕೈಗೆ ಬಂದ ಮೇಲೆ ಸಮಾಸದ ಹೆಸರು ಸಾರ್ಥಕವೆಂದು ಅವರೂ ಒಪ್ಪಿಯಾರು. ಇನ್ನು ‘ಉತ್ತರ’ಕ್ಕೆ ಅರ್ಥಗಳು ಹಲವು: ಆಮೇಲಿನದು, ಬಡಗು ದಿಕ್ಕು, ಕೇಳಿದ್ದಕ್ಕೆ ಮರುಮಾತು. ಈ ಅಧ್ಯಯನದ ಕ್ಷೇತ್ರ ಕೇರಳದ ಬಡಗು ತುದಿಯಲ್ಲಿದೆ, ಘಟನೆ ವಾರಂಟಿಯ ಆಮೇಲಿನದು. ಮೂರನೆಯ ಅರ್ಥ ಮಾತ್ರ ಯಾವ ಸರ್ವಿಸ್ ಸೆಂಟರಿನಲ್ಲೂ ದೊರಕಲಿಲ್ಲ.

ಕ್ಷೇತ್ರವರ್ಣನೆ

ಕಾಸರಗೋಡು ಜಿಲ್ಲೆಯ ನೆಕ್ರಾಜೆಯು ಚೆರ್ಕಳ–ಬದಿಯಡ್ಕ ದಾರಿಯ ಆಸುಪಾಸಿನ ಊರು. ಅಡಿಕೆ, ತೆಂಗು, ರಬ್ಬರು, ಗೇರು. ಕನ್ನಡ, ತುಳು, ಮಲಯಾಳ. ತೋಟ ಕೆಳಗೆ, ದಾರಿ ಮೇಲೆ, ಮನೆ ನಡುವೆ. ಮೇಲಿನಿಂದ ಮನೆಯಂಗಳಕ್ಕಿಳಿಯುವ ಹಾದಿಯ ಮೈಯೆಲ್ಲ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ನೆಲದೊಳಗಿದ್ದಾಗ ಮೆತ್ತಗಿದ್ದು ಸುಲಭವಾಗಿ ಕಡಿಯಲು ಬರುತ್ತದೆ, ಗಾಳಿಗೆ ಒಡ್ಡಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ ಎಂಬುದನ್ನೂ ಗುರುತಿಸಿದ. ನಾಲ್ಕು ತಿಂಗಳ ಮಳೆ ಮಣ್ಣನ್ನೆಲ್ಲ ತೊಳೆದುಕೊಂಡು ಹೋದಮೇಲೆ ಆ ಗಟ್ಟಿತನ ಚಕ್ರಕ್ಕೆ ಏನು ಮಾಡುತ್ತದೆ ಎಂಬುದನ್ನು ಬರೆಯದೆ ಬಿಟ್ಟ. ಪಾಪ, ಅವನಿಗೆ ಕಾರಿರಲಿಲ್ಲ.

ಡಾಮರು ದಾರಿಯಲ್ಲಿ ಹಂಪುಗಳಿವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪೆಂದರೆ 3.7 ಮೀಟರು ಉದ್ದಕ್ಕೆ ಹರಡಿ, ನಡುವೆ 10 ಸೆಂ.ಮೀ. ಮಾತ್ರ ಎದ್ದು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಹಾಯಾಗಿ ದಾಟಬಹುದಾದ ದಿಬ್ಬ. ಊರೂರಿನ ಹಂಪುಗಳು ಈ ಎತ್ತರವನ್ನು ಗೌರವದಿಂದ ಉಳಿಸಿಕೊಂಡು, ಉದ್ದವನ್ನು ಉಳಿತಾಯ ಖಾತೆಗೆ ಹಾಕಿವೆ.

ದನಿ ಪ್ರಕರಣ

ಈ ಪ್ರಬಂಧದ ನಾಯಕರನ್ನು ‘ಧಣಿಗಳು’ ಎಂದಷ್ಟೇ ಕರೆಯಲಾಗುವುದು. ಅವರ ಕಾರು ಯಾವ ಕಂಪನಿಯದೆಂಬುದು ಶಾಸ್ತ್ರಕ್ಕೆ ಅಪ್ರಸ್ತುತ. ವಾರಂಟಿ ಮುಗಿದ ಮರುವಾರ ಕಾರಿಗೆ ದನಿ ಬಂತು, ಧಣಿಗಳ ದನಿ ಅಡಗಿತು. ಅಂಗಳದಲ್ಲಿ ಅಡಿಕೆ ಹೆಕ್ಕುತ್ತಿದ್ದ ಭಾವಯ್ಯನ ವಿಮರ್ಶೆ ಒಂದೇ ಸಾಲಿನದು: “ನೀನು ಬಪ್ಪದು ದೂರಂದಲೇ ಗೊಂತಾವ್ತು ಭಾವಾ.”

ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಸದ್ದನ್ನು ತಾಳವಾಗಿ ವಿಂಗಡಿಸದೆ ಬಿಡುವುದು ಅಪಚಾರ. ಆದ್ದರಿಂದ ಸಸ್ಪೆನ್ಶನ್ನಿನ ಸದ್ದು ನಾಲ್ಕು ಬಗೆ. ಸಣ್ಣಪುಟ್ಟ ಕಲ್ಲುಹಾದಿಯಲ್ಲಿ ನಿಧಾನಕ್ಕೆ ಹೋಗುವಾಗ ‘ಕಟಕಟ’ ಎಂದರೆ ಏಕತಾಳ: ಲಿಂಕ್ ರಾಡಿನ ಕೀಲು ಸಡಿಲವಾಗಿರುವುದೇ ಹೆಚ್ಚು. ಹಂಪಿನ ಮೇಲೆ ಮೆಲ್ಲನೆ ಏರಿಳಿಯುವಾಗ ಹಳೆಯ ಬಾಗಿಲಿನಂತೆ ‘ಕಿರ್ರ್’ ಎಂದರೆ ರಬ್ಬರ್ ಬುಶ್ಶು ಒಣಗಿದೆ, ಇದು ಆಲಾಪನೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗು ‘ಟೊಂಯ್’ ಎಂದರೆ ಸ್ಟ್ರಟ್ಟಿನ ತಲೆಯ ಬೇರಿಂಗಿನ ಮೇಲೆ ಅನುಮಾನ; ಇದು ಶ್ರುತಿದೋಷ. ಗುಂಡಿಗಿಳಿದಾಗ ‘ಧಡಾರ್’ ಎಂದು, ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಜಿನುಗಿದ್ದರೆ ಅದು ಚೆಂಡೆ. ಭಾಗವತರು ಪದ್ಯಕ್ಕೊಂದು ಮುಕ್ತಾಯ ಕೊಡುತ್ತಾರೆ; ಕಾರು ಕೊಡುವುದಿಲ್ಲ.

ಕಾರಣಮೀಮಾಂಸೆ

ಸಸ್ಪೆನ್ಶನ್ನಿನ ಆದಿಗ್ರಂಥಕಾರ ರಾಬರ್ಟ್ ಹುಕ್. ಸ್ಪ್ರಿಂಗು ಎಷ್ಟು ಹಿಗ್ಗುತ್ತದೋ ಅಷ್ಟೇ ಬಲ ಎಂಬ ನಿಯಮವನ್ನು ಅವನು 1676ರಲ್ಲಿ ಪ್ರಕಟಿಸಿದ್ದು ನಿಜ. ಆದರೆ ಬೇರೆಯವರು ಕದಿಯಬಾರದೆಂದು, ಲ್ಯಾಟಿನ್ ವಾಕ್ಯದ 14 ಅಕ್ಷರಗಳನ್ನು ಕಲಸಿ ಅರ್ಥವಾಗದಂತೆ ಅಚ್ಚು ಹಾಕಿಸಿದ. ಗುಟ್ಟು ಬಿಡಿಸಿದ್ದು 1678ರಲ್ಲಿ. ಹೇಳಿಯೂ ಹೇಳದಂತೆ ಸಣ್ಣಕ್ಷರದಲ್ಲಿ ಬರೆದು, 2 ವರ್ಷ ಕಳೆದ ಮೇಲೆ ಅರ್ಥ ತಿಳಿಸುವ ಈ ಶೈಲಿಯನ್ನು ವಾರಂಟಿ ಪುಸ್ತಕಗಳು ಇಂದಿಗೂ ಕಾಪಾಡಿಕೊಂಡು ಬಂದಿವೆ.

ಸ್ಪ್ರಿಂಗು ಒಂದೇ ಇದ್ದರೆ ಕಾರು ಒಂದು ಗುಂಡಿಗೆ ಬಿದ್ದು ಹತ್ತು ಸಲ ಕುಣಿದೀತು. ಆ ಕುಣಿತವನ್ನು ಶಾಕ್ ಅಬ್ಸಾರ್ಬರು ಸಣ್ಣ ತೂತುಗಳಲ್ಲಿ ಎಣ್ಣೆ ತೂರಿಸಿ ಬಿಸಿಯಾಗಿ ಕರಗಿಸುತ್ತದೆ. ಕಬ್ಬಿಣಕ್ಕೂ ಕಬ್ಬಿಣಕ್ಕೂ ನೇರ ಜಗಳ ಹತ್ತದಂತೆ ನಡುವೆ ಕೂತ ಪಂಚಾಯತಿದಾರ ಬುಶ್ಶು. ಇದು ರಬ್ಬರಿನದು. ಪದೇಪದೇ ಹಿಂಡಿದರೂ ಬೇಗ ಹರಿಯದ ಗುಣಕ್ಕಾಗಿ ಇಲ್ಲಿ ನೈಸರ್ಗಿಕ ರಬ್ಬರಿಗೆ ಮರ್ಯಾದೆ ಹೆಚ್ಚು, ಮತ್ತು ದೇಶದಲ್ಲಿ ಅದನ್ನು ಅತಿ ಹೆಚ್ಚು ಬೆಳೆಯುವ ರಾಜ್ಯ ಕೇರಳವೇ. ಧಣಿಗಳು ಗುಡ್ಡೆಯ ರಬ್ಬರು ಹಾಲನ್ನು ಶೀಟು ಮಾಡಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ; ಬುಶ್ಶನ್ನು ತುಂಡಿನ ಲೆಕ್ಕದಲ್ಲಿ ಕೊಳ್ಳುತ್ತಾರೆ. ತವರಿಗೆ ಮರಳಿದ ಮಗಳಿಗೆ ಅಪ್ಪನೇ ಬಿಲ್ಲು ಕಟ್ಟಬೇಕಾದ ಸಂಬಂಧ ಲೋಕದಲ್ಲಿ ಇದೊಂದೇ.

ಈಗ ಮುಖ್ಯ ಜಿಜ್ಞಾಸೆ. ವಾರಂಟಿ ಮುಗಿದ ದಿನ ಬುಶ್ಶಿಗೆ ಹೇಗೆ ತಿಳಿಯಿತು? ಒಳಗೊಂದು ಪಂಚಾಂಗ ಇಟ್ಟಿದ್ದಾರೆಂಬುದು ಪೂರ್ವಪಕ್ಷ. ಸಿದ್ಧಾಂತ ಬೇರೆ. ಬುಶ್ಶು ಬಿರಿಯತೊಡಗಿದ್ದು ಹಿಂದಿನ ಮಳೆಗಾಲದಲ್ಲೇ. ಏಸಿ ಹಾಕಿ, ಗಾಜು ಏರಿಸಿ, ಯಕ್ಷಗಾನದ ಪದ್ಯ ಹಚ್ಚಿದ ಕಾರಿನಲ್ಲಿ ಅದರ ಕಿರುದನಿ ಯಾರಿಗೆ ಕೇಳೀತು? ಕೊನೆಯ ಸರ್ವಿಸಿಗೆ ಹೋದಾಗ ಧಣಿಗಳು “ಎದುರಿನ ಎಡಬದಿಯಲ್ಲಿ ಸಣ್ಣ ಸದ್ದುಂಟು” ಎಂದು ಬಾಯಿಮಾತಿನಲ್ಲಿ ಹೇಳಿದ್ದರಂತೆ. “ನೋಡುವ ಸರ್” ಎಂದರಂತೆ ಅಲ್ಲಿಯವರು. ನೋಡಿದರೂ ಇರಬಹುದು. ಜಾಬ್ ಕಾರ್ಡಿನಲ್ಲಿ ಬರೆದಿರಲಿಲ್ಲ.

ವಾದ, ಪ್ರತಿವಾದ

ವಾರಂಟಿಯ ಮಹಾವಾಕ್ಯ ‘ಯಾವುದು ಮೊದಲೋ ಅದು’. ಇಷ್ಟು ವರ್ಷ ಅಥವಾ ಇಷ್ಟು ಕಿ.ಮೀ., ಯಾವುದು ಮೊದಲೋ ಅದು. ಕಾರನ್ನು ಶೆಡ್ಡಿನಲ್ಲೇ ಇಟ್ಟು ಪೂಜಿಸಿದರೆ ಕ್ಯಾಲೆಂಡರು ಹಿಡಿಯುತ್ತದೆ. ಕಾಸರಗೋಡು, ಮಂಗಳೂರು, ಮದುವೆ, ಉತ್ತರಕ್ರಿಯೆ ಎಂದು ಓಡಿಸಿದರೆ ಮೀಟರು ಹಿಡಿಯುತ್ತದೆ. ಅವಧಿಯೊಳಗೇ ಹೋದರೂ ‘ಸಹಜ ಸವೆತ’ ಎಂಬ ಮತ್ತೊಂದು ಸೂತ್ರ ಕಾದಿರುತ್ತದೆ. ರಬ್ಬರು ಭಾಗಗಳನ್ನು ಹಲವು ಕೈಪಿಡಿಗಳು ಅದರಡಿ ಸೇರಿಸಿಬಿಡುತ್ತವೆ. ವಾರಂಟಿ ಎಂದರೆ ದೋಷವಿರುವ ಬಿಡಿಭಾಗವನ್ನು ಬದಲಿಸಿಕೊಡುವ ಮಾತೇ ಹೊರತು ಕಾರನ್ನೇ ಬದಲಿಸುವ ಮಾತಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಒಂದು ಕಾರಿನ ಪ್ರಕರಣದಲ್ಲಿ ಹೇಳಿದ್ದೂ ಉಂಟು.

ಸರ್ವಿಸ್ ಸೆಂಟರಿನಿಂದ ಎಸ್ಟಿಮೇಟು ಬಂತು: ಎರಡು ಶಾಕು, ಎರಡು ಲಿಂಕ್ ರಾಡು, ಲೋವರ್ ಆರ್ಮಿನ ಬುಶ್ಶುಗಳು, ವೀಲ್ ಅಲೈನ್‌ಮೆಂಟು. ಹೋದದ್ದು ಎಡಬದಿಯದು, ಬಲಬದಿಯದೇಕೆ ಎಂದು ಧಣಿಗಳು ಕೇಳಿದರು. ಶಾಕುಗಳನ್ನು ಜೋಡಿಯಾಗಿಯೇ ಬದಲಿಸಬೇಕು, ಇಲ್ಲವಾದರೆ ಎರಡು ಬದಿಯ ನಡೆ ಬೇರೆಯಾಗುತ್ತದೆ. ಅದು ನ್ಯಾಯವೇ. ಸ್ಟ್ರಟ್ಟು ಬಿಚ್ಚಿದ ಮೇಲೆ ಚಕ್ರದ ಕೋನ ನೋಡಿಸಲೇಬೇಕು. ಅದೂ ನ್ಯಾಯವೇ. ವ್ಯಾಕರಣದಲ್ಲಿ ‘ಆದೇಶ’ವು ಶತ್ರುವಿನಂತೆ ಇದ್ದುದನ್ನು ಓಡಿಸಿ ಕೂರುತ್ತದೆ, ‘ಆಗಮ’ವು ಮಿತ್ರನಂತೆ ಪಕ್ಕಕ್ಕೆ ಬಂದು ಸೇರುತ್ತದೆ ಎನ್ನುತ್ತಾರೆ. ಶಾಕು ಆದೇಶ, ಅಲೈನ್‌ಮೆಂಟು ಆಗಮ. ಮಿತ್ರನೇ ಸರಿ, ಊಟದ ಹೊತ್ತಿಗೇ ಬರುವ ಮಿತ್ರ.

ಇಲ್ಲಿ ಕ್ಷೇತ್ರಮಹಿಮೆಯನ್ನು ನೆನೆಯದಿದ್ದರೆ ಪ್ರಬಂಧ ಅಪೂರ್ಣ. ಇದೇ ಚೆರ್ಕಳ–ಬದಿಯಡ್ಕ ದಾರಿಯಲ್ಲಿ ಎಡನೀರು ಮಠವಿದೆ. ಆ ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ಕಾನೂನನ್ನು ಪ್ರಶ್ನಿಸಿ ಹೂಡಿದ ದಾವೆಯನ್ನು 13 ನ್ಯಾಯಮೂರ್ತಿಗಳು 68 ದಿನ ಕೇಳಿದರು. 1973ರ ಏಪ್ರಿಲ್ 24ರಂದು, 7ಕ್ಕೆ 6ರ ಬಹುಮತದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬ ತೀರ್ಪು ಬಂತು. ಈ ಸಿದ್ಧಾಂತ ಧಣಿಗಳ ಕಾರಿಗೂ ಯಥಾವತ್ ಅನ್ವಯಿಸಿತು. ಶಾಕು ತಿದ್ದುಪಡಿಯಾಯಿತು, ಲಿಂಕ್ ರಾಡು ತಿದ್ದುಪಡಿಯಾಯಿತು, ಬುಶ್ಶುಗಳೆಲ್ಲ ತಿದ್ದುಪಡಿಯಾದವು. ಕಾರು ಹೊರಬಂದು ಮೊದಲ ಹಂಪು ದಾಟಿತು. ಮೂಲ ಸ್ವರೂಪವಾದ ಕಟಕಟಕ್ಕೆ ಎಳ್ಳಷ್ಟೂ ಧಕ್ಕೆಯಾಗಿರಲಿಲ್ಲ.

ಆಮೇಲೆ ಊರಿನ ಪೇಟೆಯ ಮೆಕ್ಯಾನಿಕ್ಕು ಕಾರಿನ ಬಾನೆಟ್ಟು ಎತ್ತಿ, ಸ್ಟ್ರಟ್ಟಿನ ಮೇಲಿನ ಸಡಿಲ ನಟ್ಟೊಂದನ್ನು ಬಿಗಿದ. ಹಣ ಕೇಳಲಿಲ್ಲ, ಚಾಯ ಕುಡಿದ.

ಫಲಶ್ರುತಿ

ಈ ಕಾಂಡವನ್ನು ಓದಿದವರಿಗೆ ದೊರೆಯುವ ಫಲಗಳು ಇಂತಿವೆ. ವಾರಂಟಿಯೊಳಗೆ ಜಾಬ್ ಕಾರ್ಡಿನಲ್ಲಿ ಬರೆಸಿದ ದೂರು, ಅವಧಿ ಮುಗಿದ ಮೇಲೂ ಮಾತಾಡುವ ಸಾಕ್ಷಿ. ಅವಧಿ ಮುಗಿದು ಕೆಲವೇ ದಿನವಾಗಿ, ಸರ್ವಿಸೆಲ್ಲ ಕಂಪನಿಯ ಸೆಂಟರಿನಲ್ಲೇ ಆಗಿದ್ದರೆ, ‘ಗುಡ್‌ವಿಲ್’ ಎಂಬ ಹೆಸರಿನಲ್ಲಿ ಕಂಪನಿ ಖರ್ಚಿನ ಒಂದು ಪಾಲನ್ನು ಹೊರುವುದುಂಟು, ಕೇಳಿದವರಿಗೆ ಮಾತ್ರ. ಬಿಚ್ಚಿದ ಹಳೆಯ ಬಿಡಿಭಾಗವನ್ನು ಕೇಳಿ ನೋಡಬಹುದು. ಯಾವುದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಗ್ರಾಹಕ ರಕ್ಷಣಾ ಕಾಯ್ದೆ 2019ರಂತೆ, ವ್ಯಾಜ್ಯಕ್ಕೆ ಕಾರಣ ಹುಟ್ಟಿದ 2 ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕಾರಿಗೆ ಕೊಟ್ಟ ಬೆಲೆ 5 ಲಕ್ಷ ದಾಟಿ 10 ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ, ಅಲೈನ್‌ಮೆಂಟಿಗಿಂತ ಅಗ್ಗ.

ಕೊನೆಗೆ ಓದುಗರಲ್ಲೊಂದು ವಿನಂತಿ. ನಿಮ್ಮ ಕಾರಿನ ವಾರಂಟಿ ಮುಗಿಯಲು ಇನ್ನೊಂದು ತಿಂಗಳಿದೆ ಎನ್ನುವಾಗ ಪದ್ಯ ನಿಲ್ಲಿಸಿ, ಏಸಿ ಆರಿಸಿ, ನಾಲ್ಕೂ ಗಾಜು ಇಳಿಸಿ, ಚೆರ್ಕಳದಲ್ಲಿ ತಿರುಗಿ ನೆಕ್ರಾಜೆಗೊಮ್ಮೆ ಬನ್ನಿ. ಧಣಿಗಳ ಮನೆಯ ಹಾದಿಯಲ್ಲಿ ಎರಡು ಸಲ ಇಳಿದು ಹತ್ತಿ. ಕೇಳಿಸಿದ್ದನ್ನು ಮರುದಿನವೇ ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಒಂದು ಪ್ರತಿಯನ್ನು ಮನೆಗೆ ತನ್ನಿ.