ಮೂಳೆ ಸಿದ್ಧವಾದ ಮೇಲೂ ಮಗು ಏಕೆ ಕಾಯಬೇಕು?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಕಿವಿ-ಮೂಗು-ಗಂಟಲು ವೈದ್ಯರಿಗೂ ಆಡಿಯಾಲಜಿಸ್ಟರಿಗೂ,

ಕಿವಿಯ ರಂಧ್ರ ಮುಚ್ಚಿಕೊಂಡೇ ಹುಟ್ಟಿದ ಮಕ್ಕಳು, ವರ್ಷಗಟ್ಟಲೆ ಕಿವಿ ಸೋರಿ ಸಾಮಾನ್ಯ ಹಿಯರಿಂಗ್ ಏಡ್ ಹಾಕಿಕೊಳ್ಳಲಾಗದ ದೊಡ್ಡವರು, ಇವರೆಲ್ಲರ ಪರವಾಗಿ ಈ ಪತ್ರ. ಇವರಲ್ಲಿ ಬಹಳಷ್ಟು ಜನರ ಒಳಗಿವಿ ಚೆನ್ನಾಗಿಯೇ ಇರುತ್ತದೆ. ಶಬ್ದ ಅಲ್ಲಿಗೆ ತಲುಪಲು ದಾರಿಯಿಲ್ಲ, ಅಷ್ಟೆ. ಟ್ಯೂನಿಂಗ್ ಫೋರ್ಕ್ ಮೀಟಿ ಕಿವಿಯ ಹಿಂದಿನ ಎಲುಬಿಗೆ ಇಟ್ಟರೆ ಅವರಿಗೆ ಕೇಳಿಸುತ್ತದೆ. ಆ ಎಲುಬಿಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದಕ್ಕೆ ಸೌಂಡ್ ಪ್ರೊಸೆಸರ್ ಸಿಕ್ಕಿಸುವ ಚಿಕಿತ್ಸೆಯನ್ನು 1977ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವೈದ್ಯ ಆಂಡರ್ಸ್ ಶೆಲ್‌ಸ್ಟ್ರೋಮ್ ಆರಂಭಿಸಿದರು. ಜೀವಂತ ಮೂಳೆ ಟೈಟಾನಿಯಂ ಜೊತೆ ಬೆಸೆದುಕೊಳ್ಳುತ್ತದೆಂದು ಅದೇ ದೇಶದ ಸಂಶೋಧಕ ಬ್ರೋನೆಮಾರ್ಕ್ 1950ರ ದಶಕದಲ್ಲೇ ಮೊಲಗಳ ಮೇಲಿನ ಅಧ್ಯಯನದಲ್ಲಿ ಕಂಡಿದ್ದರು.

ಆ ಬೆಸುಗೆ ಗಟ್ಟಿಯಾಗಲೆಂದು ದೊಡ್ಡವರಿಗೆ 3 ತಿಂಗಳು, ಮಕ್ಕಳಿಗೆ 6 ತಿಂಗಳವರೆಗೂ ಪ್ರೊಸೆಸರ್ ಹಾಕದೆ ಕಾಯುವ ರೂಢಿ ಬಂತು. ಅಂದಿನ ಸ್ಕ್ರೂಗಳಿಗೆ ಅದು ಸರಿಯಾಗಿಯೇ ಇತ್ತು. ಹಳೆಯದರ ಅಗಲ 3.75 ಮಿಲಿಮೀಟರ್, ಈಗಿನದು 4.5. ಹೊರಮೈಯೂ ತರಿತರಿಯಾಗಿದೆ, ಮೂಳೆ ಬೇಗ ಹಿಡಿಯುತ್ತದೆ. ನೆದರ್‌ಲೆಂಡ್ಸ್‌ನ ನೈಮೇಗನ್‌ನಲ್ಲಿ ದೊಡ್ಡವರಿಗೆ ಮೂರೇ ವಾರಕ್ಕೆ ಪ್ರೊಸೆಸರ್ ಹಾಕಿ ವರ್ಷಗಟ್ಟಲೆ ಗಮನಿಸಿದ್ದಾರೆ. ಸ್ಕ್ರೂ ಕಳಚಿಬಿದ್ದದ್ದು ಅಪರೂಪ.

ಅವಸರ ಮಾಡಿ ಎಂದು ನಾನು ಹೇಳುತ್ತಿಲ್ಲ. ಗಾಯ ಮಾಯಬೇಕು, ಊತ ಇಳಿಯಬೇಕು, ಪ್ರೊಸೆಸರ್ ಚರ್ಮಕ್ಕೆ ಒತ್ತಬಾರದು. ಪುಟ್ಟ ಮಕ್ಕಳ ತಲೆಬುರುಡೆ ತೆಳು, ಅವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕೇ ಬೇಕು. ಆದರೆ ಸ್ಕ್ರೂ ಎಷ್ಟು ಬಿಗಿಯಾಗಿದೆ ಎಂದು 1ರಿಂದ 100ರ ಮಾಪಕದಲ್ಲಿ ಅಳೆದು ಹೇಳುವ ಉಪಕರಣವಿದೆ. ಅಳೆಯಿರಿ. ಮತ್ತೆ ಬಂದಾಗ ಇನ್ನೊಮ್ಮೆ ಅಳೆಯಿರಿ. ಈ ಮಗುವಿನ ಮೂಳೆ ಏನು ಹೇಳುತ್ತಿದೆಯೋ ಅದರ ಮೇಲೆ ದಿನ ನಿಗದಿಯಾಗಲಿ, ಕ್ಯಾಲೆಂಡರ್ ಮೇಲಲ್ಲ.

ತರಗತಿಯಲ್ಲಿ ನಿಂತು ನೋಡುವ ನನ್ನಂಥ ಶಿಕ್ಷಕಿಗೆ ಇದು ಸಣ್ಣ ವಿಷಯವಲ್ಲ. ಬೇಸಿಗೆ ರಜೆಯ ಕೊನೆಗೆ ಆಪರೇಷನ್ ಆಗಿ ಮೂರೇ ತಿಂಗಳು ಕಾದರೂ ಜೂನ್, ಜುಲೈ, ಆಗಸ್ಟ್ ಹೋದವು. ಒಂದನೇ ತರಗತಿಯ ಮಗು ಅಷ್ಟರಲ್ಲಿ ಕಾಗುಣಿತ ದಾಟಿರಬೇಕು. ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ: ಅಲ್ಲಿಯವರೆಗೆ ಪ್ರೊಸೆಸರ್ ಸಿಕ್ಕಿಸಿದ ಸಾಫ್ಟ್‌ಬ್ಯಾಂಡ್ ಪಟ್ಟಿಯನ್ನು ತಲೆಗೆ ಕಟ್ಟಿಕೊಂಡು ಪಾಠ ಕೇಳುತ್ತಿದ್ದ ಮಗುವಿಗೆ, ಗಾಯವಿದೆಯೆಂದು ಅದನ್ನೂ ಬಿಚ್ಚಿಸಿಬಿಟ್ಟರೆ, ಕೇಳಿಸಲೆಂದೇ ಮಾಡಿದ ಆಪರೇಷನ್ ಆದ ಮೇಲೆ ಮೊದಲಿಗಿಂತ ಕಡಿಮೆ ಕೇಳಿಸುತ್ತದೆ. ಮೂಳೆಯ ಮೂಲಕ ಹೋಗುವ ಶಬ್ದ ತಲೆಬುರುಡೆಯನ್ನು ದಾಟಿ ಎರಡೂ ಒಳಗಿವಿಗಳನ್ನು ಮುಟ್ಟುತ್ತದೆಂದು ನಿಮಗೆ ಗೊತ್ತು. ಹಾಗಾಗಿ ಗಾಯಕ್ಕೆ ಪಟ್ಟಿ ಒತ್ತದಂತೆ, ಪ್ರೊಸೆಸರನ್ನು ಇನ್ನೊಂದು ಬದಿಗೆ ಇಟ್ಟು ಸಾಫ್ಟ್‌ಬ್ಯಾಂಡ್ ಕಟ್ಟಬಹುದೇ ಎಂದು ದಯವಿಟ್ಟು ನೋಡಿ. ಚರ್ಮ ಅಡ್ಡ ಬರುವುದರಿಂದ ಸ, ಶ, ಛ ಕೊಂಚ ಮಸುಕಾಗಬಹುದು. ಏನೂ ಕಟ್ಟದೇ ಇರುವುದಕ್ಕಿಂತ ಅದು ಎಷ್ಟೋ ಮೇಲು.

ಡಿಸ್ಚಾರ್ಜ್ ಸಮರಿ ಬರೆಯುವಾಗ ಹೊಲಿಗೆ ತೋರಿಸಲು ಬರುವ ದಿನದ ಕೆಳಗೆ ಇನ್ನೂ ಎರಡು ಸಾಲು ಸೇರಿಸಿ: ಸ್ಕ್ರೂವಿನ ಬಿಗಿ ಅಳೆಯುವುದು ಯಾವತ್ತು, ಅಲ್ಲಿಯವರೆಗೆ ಮಗು ಯಾವುದರಿಂದ ಕೇಳಬೇಕು. ಅದರ ಒಂದು ಪ್ರತಿ ಶಾಲೆಗೂ ಬರಲಿ. ಮುಂದಿನ ಬೆಂಚು ಖಾಲಿ ಇಟ್ಟಿರುತ್ತೇನೆ.

ಇಂತಿ,
ಬಸವೇಶ್ವರನಗರದ ಒಬ್ಬ ಶಾಲಾ ಶಿಕ್ಷಕಿ