ಬೇಡವೆನ್ನುವ ವಿದ್ಯೆ

ಕಾರ್ಖಾನೆಯೆಂಬ ಲೋಕದಲ್ಲಿ ಕರಗಿಸುವವರು, ಅಚ್ಚು ಕಟ್ಟುವವರು, ಎರಕ ಹೊಯ್ಯುವವರು, ಉಜ್ಜುವವರು, ಮಾರುವವರು ಎಲ್ಲರೂ ಏನಾದರೊಂದನ್ನು ಮಾಡುತ್ತಿರುವಾಗ, ಸ್ವತಃ ಏನನ್ನೂ ತಯಾರಿಸದೆ, ಉಳಿದವರು ತಯಾರಿಸಿದ್ದನ್ನು ಬೇಡವೆಂದು ಹೇಳುವುದಕ್ಕಾಗಿಯೇ ಸಂಬಳ ಪಡೆಯುವ ವರ್ಗವೊಂದಿದ್ದು, ಶಿವಮೊಗ್ಗ ಮತ್ತು ಭದ್ರಾವತಿಯ ಕಾರ್ಖಾನೆಗಳಲ್ಲಿ ಇವರನ್ನು ‘ಕ್ವಾಲಿಟಿಯವರು’ ಎಂದು ಕರೆಯುವ ರೂಢಿಯಿದೆ. ಗ್ರಾಹಕ ಕೇಳಿದ ವಸ್ತು ಕೇಳಿದ ಅಳತೆಯಲ್ಲೇ ಪ್ರತಿ ಸಲವೂ ಹೊರಬರುವಂತೆ ಕೆಲಸದ ಕ್ರಮವನ್ನು ಗೊತ್ತುಪಡಿಸಿ, ಆ ಕ್ರಮ ನಡೆಯುತ್ತಿದೆಯೇ ಎಂದು ನೋಡಿ, ತಪ್ಪಿದಲ್ಲಿ ತಿದ್ದುವುದಕ್ಕೆ ಗುಣಮಟ್ಟ ನಿರ್ವಹಣೆ ಎಂದು ಹೆಸರು. ಇದರ ಲೆಕ್ಕಾಚಾರದ ಭಾಗವನ್ನು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುತ್ತಾರೆ. ಆದರೆ ಒಬ್ಬರ ಇಡೀ ಪಾಳಿಯ ದುಡಿಮೆಯನ್ನು ಬೆಳಿಗ್ಗೆ ಬೇಡವೆಂದು, ಮಧ್ಯಾಹ್ನ ಅವರ ಎದುರಿಗೇ ಕುಳಿತು ಊಟಮಾಡುವ ಭಾಗವನ್ನು ಯಾವ ಪಠ್ಯಪುಸ್ತಕವೂ ಸೇರಿಸಿಕೊಂಡಿಲ್ಲ.

ಈ ಪ್ರದೇಶಕ್ಕೆ ಕಬ್ಬಿಣದೊಡನೆ ನೂರು ವರ್ಷ ಮೀರಿದ ಒಡನಾಟವಿದೆ. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಸ್ಥಾಪನೆಯಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರ ಜನವರಿಯಲ್ಲಿ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಿಂದ ಕರಗಿಸುತ್ತಿದ್ದುದರಿಂದ, ಕಲ್ಲಿದ್ದಲಿನ ಕೋಕ್ ಬಳಸುವ ಕಡೆಗಳಲ್ಲಿ ಕಬ್ಬಿಣಕ್ಕೆ ಅಂಟಿಕೊಳ್ಳುವ ಗಂಧಕದ ಕಾಟ ಇಲ್ಲಿ ಕಡಿಮೆಯಿತ್ತು. 1923ರಿಂದ 1929ರವರೆಗೆ ಕಾರ್ಖಾನೆಯ ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಗಡಿಯಾರ, ಲೆಕ್ಕ ಮತ್ತು ಬರವಣಿಗೆಗಳ ಶಿಸ್ತಿಗೆ ಹೆಸರಾದವರಾದುದರಿಂದ, ಅವರ ಮುಂದೆ ‘ಸುಮಾರಾಗಿ ಸರಿಯಿದೆ’ ಎಂದು ವರದಿ ಕೊಡುವ ಧೈರ್ಯ ಎಷ್ಟು ಮಂದಿಗಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಆ ಕುಲುಮೆ ಹೊತ್ತಿದ ಮರುವರ್ಷ, 1924ರ ಮೇ ತಿಂಗಳಲ್ಲಿ, ಅಮೆರಿಕದ ವಾಲ್ಟರ್ ಶೂಹಾರ್ಟ್ ತನ್ನ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಬರೆದು ನಿಯಂತ್ರಣ ನಕ್ಷೆಯನ್ನು, ಎಂದರೆ ಸಹಜ ಏರಿಳಿತ ಯಾವುದು, ನಿಜವಾದ ಕೆಡುಕು ಯಾವುದು ಎಂದು ಬೇರ್ಪಡಿಸಿ ತೋರಿಸುವ ಗೆರೆಚಿತ್ರವನ್ನು, ಸೂಚಿಸಿದನು. ಇಂದು ಗುಣಮಟ್ಟ ವಿಭಾಗಗಳು ದಪ್ಪ ದಪ್ಪ ಫೈಲುಗಳ ಮೇಲೆ ನಿಂತಿವೆಯಾದರೂ ಇಡೀ ಶಾಸ್ತ್ರ ಆರಂಭವಾದದ್ದು ಒಂದೇ ಪುಟದಿಂದ ಎಂಬುದು, ನಲವತ್ತು ಸ್ಲೈಡುಗಳನ್ನು ಸಿದ್ಧಪಡಿಸಿಕೊಂಡು ಸಭೆಗೆ ಹೊರಟವರು ದಾರಿಯಲ್ಲಿ ನೆನೆಯಬೇಕಾದ ಸಂಗತಿ.

ಕ್ವಾಲಿಟಿಯವರಿಗೆ ಹೇಳಬೇಕಾದ ಮೊದಲ ನಿಯಮವೆಂದರೆ ಮಾತು ವಸ್ತುವಿನ ಮೇಲಿರಬೇಕು, ವ್ಯಕ್ತಿಯ ಮೇಲಲ್ಲ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಕ್ಯಾಸ್ಟಿಂಗಿನೊಳಗೆ ಗಾಳಿ ಸಿಕ್ಕಿಹಾಕಿಕೊಂಡು ಬ್ಲೋ ಹೋಲ್ ಎಂಬ ಟೊಳ್ಳುಗಳು ಕಾಣಿಸಿಕೊಂಡಿವೆ ಎಂದಿಟ್ಟುಕೊಳ್ಳೋಣ. “ಏನ್ ಗೌಡ್ರೇ, ಇಂಥಾ ಮಾಲು ಮಾಡಿದ್ದೀರಿ?” ಎಂದು ಶುರುಮಾಡಿದವರು ಅಂದಿನ ಮಟ್ಟಿಗೆ ಬೇರೆ ಯಾವ ಮಾಹಿತಿಯನ್ನೂ ಪಡೆಯಲಾರರು; ಶಿಫ್ಟ್ ಇನ್‌ಚಾರ್ಜ್ ಗೌಡರು ತಮ್ಮ ಇಪ್ಪತ್ತು ವರ್ಷದ ಸೇವೆಯನ್ನು, ಆ ಅವಧಿಯಲ್ಲಿ ಬಂದುಹೋದ ಕ್ವಾಲಿಟಿಯವರ ಸಂಖ್ಯೆಯನ್ನು, ಮತ್ತು ಅವರಲ್ಲಿ ಒಬ್ಬರಿಗೂ ಅಚ್ಚಿನ ಮರಳು ಮುಟ್ಟಿ ಗೊತ್ತಿರಲಿಲ್ಲವೆಂಬುದನ್ನು ವಿವರಿಸುವುದರಲ್ಲೇ ಊಟದ ಗಂಟೆ ಹೊಡೆಯುತ್ತದೆ. ಅದರ ಬದಲು “ಗೌಡ್ರೇ, ರಾತ್ರಿ ಪಾಳಿಯ ಮೂರನೇ ಹೀಟ್‌ನಲ್ಲಿ ಹನ್ನೊಂದು ಪೀಸಿಗೆ ಒಂದೇ ಜಾಗದಲ್ಲಿ ಹೋಲ್ ಬಂದಿದೆ, ಸ್ವಲ್ಪ ಬಂದು ನೋಡ್ತೀರಾ?” ಎಂದು, ಒಂದು ಸಲದ ಕರಗಿಸುವಿಕೆಗೆ ಹೀಟ್ ಎನ್ನುವ ಅವರದೇ ಭಾಷೆಯಲ್ಲಿ ಕೇಳಿದರೆ, ಅದೇ ಗೌಡರು ಕೈಯಲ್ಲಿನ ಟೀ ಲೋಟವನ್ನು ಕೆಳಗಿಟ್ಟು ಎದ್ದು ಬರುತ್ತಾರೆ. ಯಾವಾಗ, ಎಲ್ಲಿ, ಎಷ್ಟು ಎಂಬ ಮೂರು ಸಂಗತಿಗಳಿರುವ ವಾಕ್ಯದಲ್ಲಿ ಯಾರು ಎಂಬುದಕ್ಕೆ ಜಾಗ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಶೂಹಾರ್ಟನಿಂದ ಕಲಿತು 1950ರಲ್ಲಿ ಜಪಾನಿನ ಉದ್ಯಮಿಗಳಿಗೆ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್, ಹೆಚ್ಚಿನ ದೋಷಗಳು ವ್ಯವಸ್ಥೆಯವೇ ಹೊರತು ಕೆಲಸಗಾರನವಲ್ಲ ಎಂದು ವಾದಿಸಿದ್ದಲ್ಲದೆ, ತನ್ನ 14 ಸೂತ್ರಗಳ ಎಂಟನೆಯದರಲ್ಲಿ ಕೆಲಸದ ಜಾಗದಿಂದ ಭಯವನ್ನು ಓಡಿಸಬೇಕೆಂದೂ, ಹತ್ತನೆಯದರಲ್ಲಿ ಕೆಲಸಗಾರರಿಗೆ ಬೋಧಿಸುವ ಘೋಷಣಾ ಫಲಕಗಳನ್ನು ತೆಗೆದುಹಾಕಬೇಕೆಂದೂ ಹೇಳಿದನು. ಅವನ ಚಿತ್ರವನ್ನು ಚೌಕಟ್ಟು ಹಾಕಿಸಿ ‘ಗುಣಮಟ್ಟವೇ ನಮ್ಮ ಉಸಿರು’ ಎಂಬ ಫಲಕದ ಪಕ್ಕದಲ್ಲಿಯೇ ತೂಗುಹಾಕುವ ಪದ್ಧತಿಯನ್ನು ಅವನ ಮೇಲಿನ ಗೌರವವೆಂದೇ ತಿಳಿಯತಕ್ಕದ್ದು.

ಎರಡನೆಯ ನಿಯಮ ಪ್ರಶ್ನೆ ಕೇಳುವುದಕ್ಕೆ ಸಂಬಂಧಿಸಿದ್ದು. ದೋಷದ ಬೇರು ಸಿಗುವವರೆಗೆ ಐದು ಸಲ ‘ಯಾಕೆ’ ಎಂದು ಕೇಳುತ್ತ ಹೋಗಬೇಕೆಂಬ ವಿಧಾನವನ್ನು ಟೊಯೋಟಾ ಕಂಪನಿ ಜನಪ್ರಿಯಗೊಳಿಸಿತು. ಮಲೆನಾಡಿನಲ್ಲಿ ಇದನ್ನು ಯಥಾವತ್ತಾಗಿ ಅನುಸರಿಸಿ, ಕಿರಿಯನೊಬ್ಬ ಹಿರಿಯರನ್ನು ಒಂದೇ ಉಸಿರಿನಲ್ಲಿ ಐದು ಸಲ ಯಾಕೆಂದು ಕೇಳಿದರೆ, ಎರಡನೆಯದಕ್ಕೆ ಹುಬ್ಬು ಗಂಟಿಕ್ಕುತ್ತದೆ, ಮೂರನೆಯದಕ್ಕೆ “ನಿಮಗೇ ಎಲ್ಲಾ ಗೊತ್ತಲ್ಲ” ಎಂಬ ಉತ್ತರ ಬರುತ್ತದೆ, ನಾಲ್ಕನೆಯದನ್ನು ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಆದ್ದರಿಂದ ಬಲ್ಲವರು ಪ್ರಶ್ನೆಗಳನ್ನು ಮಾತಿನ ನಡುವೆ ಹರಡುತ್ತಾರೆ. ಅಚ್ಚಿನಲ್ಲಿ ಗಾಳಿ ಹೇಗೆ ಉಳಿಯಿತೆಂದು ವಿಚಾರಿಸಿದರೆ ಮರಳಿನಲ್ಲಿ ತೇವ ಹೆಚ್ಚಾಗಿ, ಕಾದ ಲೋಹ ತಗುಲಿದಾಗ ಆವಿಯೆದ್ದಿತೆಂದು ತಿಳಿಯುತ್ತದೆ; ತೇವ ಎಲ್ಲಿಂದ ಬಂತೆಂದರೆ ಮರಳಿನ ರಾಶಿ ಮಳೆಯಲ್ಲಿ ನೆನೆದಿದೆ; ನೆನೆದದ್ದು ಹೇಗೆಂದರೆ ಮೇಲೆ ಹೊದಿಸಿದ್ದ ಟಾರ್ಪಾಲು ಹರಿದಿದೆ; ಹರಿದದ್ದನ್ನು ಬದಲಿಸದೆ ಉಳಿದದ್ದೇಕೆಂದರೆ ಮೇ ತಿಂಗಳಲ್ಲಿ ಕಳಿಸಿದ ಇಂಡೆಂಟು, ಅಂದರೆ ಖರೀದಿಯ ಬೇಡಿಕೆ ಚೀಟಿ, ‘ತುರ್ತಲ್ಲ’ ಎಂಬ ಷರಾದೊಂದಿಗೆ ಹಿಂದಿರುಗಿದೆ. ಹೀಗೆ ಮೋಲ್ಡಿಂಗ್ ಮಾಡುವವನ ಕೈಚಳಕದ ಮೇಲೆ ಆರಂಭವಾದ ತನಿಖೆ ಆಷಾಢದ ಮಳೆಯಲ್ಲಿ ಹಾದು ಖರೀದಿ ವಿಭಾಗದ ಮೇಜಿಗೆ ಬಂದು ನಿಲ್ಲುತ್ತದೆ, ಮತ್ತು ತನಿಖೆಗೆ ಅಪ್ಪಣೆ ಕೊಟ್ಟ ವ್ಯವಸ್ಥಾಪಕರದೇ ಸಹಿ ಆ ಷರಾದ ಕೆಳಗಿರುವುದು ಅಪರೂಪವೇನಲ್ಲ.

ಇಂಥ ಸಂದರ್ಭದಲ್ಲಿ ವರದಿ ಬರೆಯುವವನ ಲೇಖನಿ ಹಠಾತ್ತನೆ ಕರ್ಮಣಿ ಪ್ರಯೋಗಕ್ಕೆ ತಿರುಗಿ, ಎಲ್ಲವೂ ‘ಗಮನಿಸಲಾಗಿದೆ’, ‘ಸೂಚಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’ ಎಂದು ಯಾರೂ ಮಾಡದ ಕೆಲಸಗಳಾಗಿಬಿಡುತ್ತವೆ. 1987ರಲ್ಲಿ ಮೊದಲು ಪ್ರಕಟವಾಗಿ ಹಲವು ಸಲ ಪರಿಷ್ಕೃತವಾದ ಐಎಸ್‌ಒ 9001 ಎಂಬ ಅಂತರರಾಷ್ಟ್ರೀಯ ಮಾನದಂಡದ ಬಳಗ ತಿದ್ದುಪಡಿಗೂ ಸರಿಪಡಿಸುವ ಕ್ರಮಕ್ಕೂ ಸ್ಪಷ್ಟವಾದ ಭೇದ ಮಾಡುತ್ತದೆ: ಕೆಟ್ಟ ಹನ್ನೊಂದು ಪೀಸುಗಳನ್ನು ಬೇರ್ಪಡಿಸಿ ಮತ್ತೆ ಕರಗಿಸುವುದು ತಿದ್ದುಪಡಿ, ಹನ್ನೆರಡನೆಯದು ಕೆಡದಂತೆ ಕಾರಣವನ್ನೇ ತೆಗೆಯುವುದು ಸರಿಪಡಿಸುವ ಕ್ರಮ. ಇವೆರಡರ ನಡುವೆ ಮಾನದಂಡಕ್ಕೆ ತಿಳಿಯದ ಮೂರನೆಯದೊಂದು ವಿಧವಿದ್ದು, ‘ಆಪರೇಟರ್‌ಗೆ ತರಬೇತಿ ನೀಡಲಾಗಿದೆ’ ಎಂಬ ಆ ವಾಕ್ಯ ಮಳೆ, ಮರಳು, ಕುಲುಮೆ, ಯಂತ್ರ ಇವುಗಳಲ್ಲಿ ಯಾವುದು ಕೈಕೊಟ್ಟರೂ ಸಲ್ಲುತ್ತದೆ. ಹರಿದ ಟಾರ್ಪಾಲಿಗೆ ಪರಿಹಾರವಾಗಿ ಆಪರೇಟರನಿಗೆ ಎಂಥ ತರಬೇತಿ ನೀಡಿದರೂ ಅವನು ಮರಳಿನ ರಾಶಿಯ ಮೇಲೆ ಕೊಡೆ ಹಿಡಿದು ನಿಲ್ಲಬಲ್ಲನೇ ವಿನಾ ಹೆಚ್ಚಿನದೇನನ್ನೂ ಮಾಡಲಾರ. ‘ಜುಲೈ ಐದರೊಳಗೆ ಸ್ಟೋರ್ಸ್‌ನವರು ಹೊಸ ಟಾರ್ಪಾಲು ಹೊದಿಸುತ್ತಾರೆ’ ಎಂದು ಮಾಡುವವರನ್ನೂ ದಿನಾಂಕವನ್ನೂ ಹೆಸರಿಸಿದ ಒಂದು ಸಾಲು ಆರು ಪುಟದ ವಿಶ್ಲೇಷಣೆಗಿಂತ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ.

ಮೂರನೆಯ ನಿಯಮ ತಿಂಗಳ ಕೊನೆಯ ವಾರಕ್ಕೆ ಮೀಸಲು. ಲಾರಿ ಗೇಟಿನಲ್ಲಿ ನಿಂತು, ರವಾನೆಯ ಗುರಿ ಮುಟ್ಟದಿದ್ದಾಗ, “ಇದೊಂದ್ಸಲ ಬಿಟ್ಬಿಡಿ ಸಾರ್, ಮುಂದಿನ ಲಾಟ್‌ನಲ್ಲಿ ನೋಡ್ಕೊಳ್ಳಾಣ” ಎಂಬ ಕೋರಿಕೆ ಬರುತ್ತದೆ. ಕೋರುವವರು ಅನೇಕ ಸಲ ಶಿವಮೊಗ್ಗದಿಂದ ಭದ್ರಾವತಿಯ ಕಡೆಗೆ ಕ್ವಾಲಿಟಿಯವರೊಡನೆ ಒಂದೇ ಬಸ್ಸಿನಲ್ಲಿ ಬರುವವರು, ಮಗಳ ಮದುವೆಗೆ ಕರೆದವರು, ಇಲ್ಲವೇ ದೂರದ ಸಂಬಂಧದಲ್ಲಿ ಭಾವನವರು. ಇಲ್ಲಿ ಮುಖ ಸಿಂಡರಿಸಿ ನಿಯಮ ಓದುವುದೂ ಬೇಡ, ಕಣ್ಣು ಮುಚ್ಚಿ ಸಹಿ ಹಾಕುವುದೂ ಬೇಡ. ಅಳತೆಯಿಂದ ಸ್ವಲ್ಪ ಸರಿದ ಮಾಲನ್ನು ಗ್ರಾಹಕನಿಗೆ ತಿಳಿಸಿ, ಅವನ ಲಿಖಿತ ಒಪ್ಪಿಗೆ ಪಡೆದು ಕಳಿಸುವುದಕ್ಕೆ ಡೀವಿಯೇಷನ್ ಎಂಬ ರಾಜಮಾರ್ಗವಿದೆಯಾದ್ದರಿಂದ, “ಭಾವ, ನಾನು ಬಿಡೋಕೆ ಬರಲ್ಲ, ಆದ್ರೆ ಅವರಿಗೆ ಈಗಲೇ ಫೋನ್ ಮಾಡಿ ಕೇಳೋಣ” ಎಂದರೆ ಸಂಬಂಧವೂ ಉಳಿಯುತ್ತದೆ, ಸಹಿಯೂ ಉಳಿಯುತ್ತದೆ. ಈ ಮಾತನ್ನು ಲಾರಿ ಬರುವ ಹಿಂದಿನ ದಿನವೇ ಹೇಳಿದರೆ ಅದು ಸಲಹೆ, ಹಗ್ಗ ಬಿಗಿದ ಮೇಲೆ ಹೇಳಿದರೆ ಅಡ್ಡಗಾಲು.

ಆಡಿಟ್, ಅಂದರೆ ಹೊರಗಿನವರು ಬಂದು ಬರೆದದ್ದಕ್ಕೂ ನಡೆಯುವುದಕ್ಕೂ ತಾಳೆ ನೋಡುವ ತಪಾಸಣೆ, ಹತ್ತಿರ ಬಂದಾಗ ಕಾರ್ಖಾನೆಯ ನೆಲದ ಹಳದಿ ಗೆರೆಗಳಿಗೆ ಹೊಸ ಬಣ್ಣವೂ, ಒಂದು ವರ್ಷದ ದಾಖಲೆಗಳಿಗೆ ಒಂದೇ ಶಾಯಿಯ ಸಹಿಯೂ ಬೀಳುತ್ತವೆ. ಆಡಿಟರ್ ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ ತಿಳಿಯದು, ದಾಖಲೆ ನೋಡಿ ಹೇಳುತ್ತೇವೆ ಎನ್ನುವುದು ಉತ್ತಮ. ತಿಳಿದಿದ್ದರೆ ಕೇಳಿದಷ್ಟನ್ನೇ ಹೇಳುವುದು ಅತ್ಯುತ್ತಮ. ಕೇಳದಿದ್ದರೂ ಇಡೀ ವಿಭಾಗದ ಇತಿಹಾಸವನ್ನು ಉತ್ಸಾಹದಿಂದ ವಿವರಿಸಲು ಹೋಗಿ, ಆಡಿಟರಿಗೆ ಹೊಳೆಯದೇ ಇದ್ದ ನಾಲ್ಕು ಲೋಪಗಳನ್ನು ತಾವೇ ಕೈಗಿತ್ತ ಪುಣ್ಯಾತ್ಮರು ಪ್ರತಿ ಕಾರ್ಖಾನೆಯಲ್ಲೂ ಒಬ್ಬರಾದರೂ ಇರುವುದರಿಂದ, ಆ ದಿನ ಅವರನ್ನು ಯಾವುದಾದರೂ ಅಗತ್ಯ ಕೆಲಸದ ಮೇಲೆ ಪೇಟೆಗೆ ಕಳುಹಿಸುವ ಸಂಪ್ರದಾಯವಿದೆ.

ಪರರ ತಪ್ಪು ಹಿಡಿಯುವವರು ತಮ್ಮ ಅಳತೆಗೋಲನ್ನೂ ಅನುಮಾನಿಸಬೇಕೆಂಬುದು ಕೊನೆಯ ನಿಯಮ, ಮತ್ತು ಇದರ ಪರೀಕ್ಷೆ ಆಯುಧಪೂಜೆಯ ಮರುದಿನ ನಡೆಯುತ್ತದೆ. ಹಬ್ಬದ ದಿನ ಯಂತ್ರಗಳೊಡನೆ ವರ್ನಿಯರ್, ಮೈಕ್ರೋಮೀಟರ್, ಗೇಜುಗಳಿಗೂ ಅರಿಸಿನ ಕುಂಕುಮ ಹಚ್ಚುವುದು ವಾಡಿಕೆ. ಮಿಲಿಮೀಟರಿನ ನೂರರಲ್ಲೊಂದು ಭಾಗವನ್ನು ಅಳೆಯುವ ಮೈಕ್ರೋಮೀಟರಿನ ಬಾಯಲ್ಲಿ ಭಕ್ತಿಯ ಒಂದು ಚಿಟಿಕೆ ಉಳಿದುಕೊಂಡರೆ, ಮರುದಿನ ಒಳ್ಳೆಯ ಮಾಲೆಲ್ಲ ದಪ್ಪವೆಂದು ತಿರಸ್ಕೃತವಾಗುತ್ತದೆ. ಆಗ ಉಪಕರಣವನ್ನು ಒರೆಸಿ, ಮಾನಕ ತುಂಡಿನೊಡನೆ ತಾಳೆ ನೋಡಿ, “ನಮ್ಮದೇ ತಪ್ಪು, ಮಾಲು ಸರಿಯಿದೆ” ಎಂದು ಎಲ್ಲರೆದುರು ಹೇಳಿದ ಕ್ವಾಲಿಟಿಯವನ ಮಾತಿಗೆ ಮುಂದಿನ ಹನ್ನೆರಡು ತಿಂಗಳು ತೂಕವಿರುತ್ತದೆ. ಬೇಡವೆಂಬ ಮಾತಿಗೆ ಬೆಲೆ ಬರುವುದು ಬೇಕೆಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದಾಗ; ಆದುದರಿಂದ ಒಂದು ಲಾಟ್ ಪೂರ್ತಿ ಪಾಸಾದ ದಿನವೂ ಫೌಂಡ್ರಿಯ ನೆಲಕ್ಕೆ ಇಳಿದುಹೋಗಿ ಗೌಡರಿಗೆ ಆ ಸುದ್ದಿಯನ್ನು ತಿಳಿಸಬೇಕು. ಮೊದಮೊದಲು ಅವರು ನಂಬದೆ, ಯಾವ ಗ್ರಾಹಕ ತಪಾಸಣೆಗೆ ಬರುತ್ತಿದ್ದಾನೆಂದು ಮೆಲ್ಲಗೆ ವಿಚಾರಿಸುತ್ತಾರಾದರೂ, ನಾಲ್ಕಾರು ಸಲವಾದ ಮೇಲೆ ಟೀ ತರಿಸುತ್ತಾರೆ.